ಕಾದು ಕುಳಿತ ರಾಡಾರು

(ಬಾನುಲಿ ಭಾಷಣ)



ಜೇವರ್ಗಿಯಿಂದ ಹೊರಟು, ತಿಂಥಿಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಲಿಂಗಸುಗೂರನ್ನು ಸೇರಿ, ಅಲ್ಲಿಂದ ಮಸ್ಕಿ, ಸಿಂಧನೂರು, ಸಿರುಗುಪ್ಪಗಳ ಮಾರ್ಗವಾಗಿ ಬಳ್ಳಾರಿಯ ಕಡೆಗೆ ಸಾಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಲ್ಲವರಿಗೆ, ಆ ಹಾದಿಯಲ್ಲಿ ಎಷ್ಟು ಬಗೆಯ ವೇಗಗಳು ಒಂದರ ಮಗ್ಗುಲಲ್ಲಿ ಇನ್ನೊಂದು ಸಂಚರಿಸುತ್ತಿರುತ್ತವೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತವನ್ನು ಹೊತ್ತ ಲಾರಿ, ಹಿಂಬದಿಗೆ ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರು, ಸಂತೆಯ ಜನವನ್ನು ತುಂಬಿಕೊಂಡ ಟಂಟಂ, ಕೂಲಿಕಾರರನ್ನು ಕೂರಿಸಿಕೊಂಡ ಕ್ರೂಸರು, ಕುರಿಯ ಹಿಂಡು, ಎತ್ತಿನ ಬಂಡಿ, ಇವೆಲ್ಲವನ್ನೂ ಹಿಂದಿಕ್ಕಿ ಬಳ್ಳಾರಿಯನ್ನು ಹೊತ್ತಿಗೆ ಮುಂಚೆಯೇ ಮುಟ್ಟಬೇಕೆಂಬ ಕಾರು: ಇಷ್ಟೂ ಅದೇ ಡಾಂಬರಿನ ಮೇಲೆ. ಹಟ್ಟಿಯ ಕಡೆಗೆ ಹೊರಳಿದರೆ, ಆ ಸೀಮೆಯದೇ ಆದ ಊಟಿ ಎಂಬ ಊರಿನ ಗಣಿಯಿಂದ ಚಿನ್ನದ ಅದಿರನ್ನು ತರುವ ಟಿಪ್ಪರುಗಳೂ ಈ ಮೆರವಣಿಗೆಗೆ ಸೇರಿಕೊಳ್ಳುತ್ತವೆ. ಇಂತಹ ಹಾದಿಗಳಲ್ಲಿ ವೇಗಕ್ಕೊಂದು ಮೇರೆ ಬೇಕೆಂಬುದನ್ನು ಒಪ್ಪದವರು ವಿರಳ. ಆ ಮೇರೆ ತನಗೂ ಅನ್ವಯಿಸುವುದೆಂದು ಒಪ್ಪುವವರು ಇನ್ನೂ ವಿರಳ.

ಮೇರೆಯನ್ನು ಮೀರುವವನು ಒಬ್ಬನಿರುವಾಗ ಅದನ್ನು ಕಾಯುವವನೂ ಒಬ್ಬನಿರಬೇಕಾಗುತ್ತದೆ. ಕಾಯುವವನ ಕೈಗೆ ವಿಜ್ಞಾನವು ರಾಡಾರನ್ನು ಕೊಟ್ಟಿತು. ಮುಂದೆ ಮೀರುವವನ ಕೈಗೂ ಅದೇ ವಿಜ್ಞಾನವು ರಾಡಾರು ಶೋಧಕವೆಂಬ ಚಿಕ್ಕ ಪೆಟ್ಟಿಗೆಯನ್ನು ಕೊಟ್ಟಿತು. ಆಮೇಲೆ ಕಾಯುವವನು ತನ್ನ ರಾಡಾರನ್ನು ಸದಾ ಉರಿಸದೆ, ಬೇಕಾದ ಕ್ಷಣದಲ್ಲಿ ಮಾತ್ರ ಚಾಲನೆಗೊಳಿಸುವ ಉಪಾಯವನ್ನು ಕಂಡುಕೊಂಡನು. ಇನ್‌ಸ್ಟಂಟ್-ಆನ್ ಎಂದು ಹೆಸರಾದ, ದಿಢೀರ್ ರಾಡಾರು ಎಂದು ನಾವು ಕರೆಯಬಹುದಾದ ಈ ಉಪಾಯದ ಎದುರಿಗೆ ಸಾರಥಿಯ ಪೆಟ್ಟಿಗೆಯು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ಇಂದಿನ ಭಾಷಣದ ವಿಷಯ.

ಮೊದಲು ಅಳತೆಯ ತತ್ತ್ವವನ್ನು ನೋಡೋಣ. 1842ರಲ್ಲಿ ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಕ್ರಿಶ್ಚಿಯನ್ ಡಾಪ್ಲರನು, ತರಂಗಗಳನ್ನು ಹೊರಡಿಸುವ ಮೂಲವು ನಮ್ಮೆಡೆಗೆ ಬರುತ್ತಿದ್ದರೆ ಅವುಗಳ ಕಂಪನಸಂಖ್ಯೆಯು ಏರಿದಂತೆಯೂ, ದೂರ ಸರಿಯುತ್ತಿದ್ದರೆ ಇಳಿದಂತೆಯೂ ನಮಗೆ ತೋರಬೇಕೆಂದು ಪ್ರತಿಪಾದಿಸಿದನು. ಮೂರು ವರ್ಷಗಳ ತರುವಾಯ, ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿಯು ಚಲಿಸುವ ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ, ಹಳಿಯ ಬದಿಯಲ್ಲಿ ಸ್ವರಜ್ಞಾನವುಳ್ಳವರನ್ನು ನಿಲ್ಲಿಸಿ, ಈ ಮಾತು ನಾದದ ವಿಷಯದಲ್ಲಿ ನಿಜವೆಂದು ಪರೀಕ್ಷಿಸಿ ತೋರಿಸಿದನು. ನಾದಕ್ಕೆ ಸಲ್ಲುವ ಈ ನಿಯಮವು ರೇಡಿಯೊ ತರಂಗಕ್ಕೂ ಸಲ್ಲುತ್ತದೆ. ಪೊಲೀಸರ ರಾಡಾರು ಒಂದು ನಿಶ್ಚಿತ ಕಂಪನಸಂಖ್ಯೆಯ ತರಂಗವನ್ನು ಹಾದಿಯ ಮೇಲೆ ಬೀರುತ್ತದೆ. ಎದುರಿನಿಂದ ಬರುವ ವಾಹನದ ಲೋಹಕ್ಕೆ ತಾಗಿ ಅದು ಹಿಂತಿರುಗುವಾಗ, ವಾಹನದ ವೇಗಕ್ಕೆ ತಕ್ಕಷ್ಟು ಅದರ ಕಂಪನವು ಏರಿರುತ್ತದೆ. ಕಳುಹಿಸಿದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವೇ ವೇಗದ ಅಳತೆ. ಸೆಕೆಂಡಿಗೆ 2,415 ಕೋಟಿ ಸಲ ಕಂಪಿಸುವ, ಕೆ ಪಟ್ಟಿ ಎಂದು ಹೆಸರಾದ ಕಂಪನಶ್ರೇಣಿಯ ತರಂಗವನ್ನು ತೆಗೆದುಕೊಂಡರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿಯು ಉಂಟುಮಾಡುವ ವ್ಯತ್ಯಾಸವು ಸೆಕೆಂಡಿಗೆ ಸುಮಾರು 3,580 ಕಂಪನಗಳು ಮಾತ್ರ. ಆದರೆ ಈ ಅಲ್ಪವು ಮನುಷ್ಯನ ಕಿವಿಗೆ ಕೇಳಿಸುವ ನಾದದ ಮಿತಿಯೊಳಗೇ ಬೀಳುವುದರಿಂದ, ಹಲವು ರಾಡಾರುಗಳಲ್ಲಿ ಅದನ್ನು ಧ್ವನಿಯಾಗಿಯೂ ಕೇಳಿಸುವ ಏರ್ಪಾಡುಂಟು. ಪಳಗಿದ ಅಧಿಕಾರಿಯು ಅಂಕಿಯನ್ನು ಓದುವ ಮೊದಲೇ ಸ್ವರದ ಏರಿಳಿತದಿಂದ ವೇಗವನ್ನು ಊಹಿಸಬಲ್ಲನು. ರಾಡಾರು ಹಾದಿಗೆ ನೇರವಾಗಿರದೆ ಓರೆಯಾಗಿ ನಿಂತಿದ್ದರೆ ಅಳತೆಯು ನಿಜವಾದ ವೇಗಕ್ಕಿಂತ ಕೊಂಚ ಕಡಿಮೆಯಾಗಿಯೇ ಬರುತ್ತದೆ ಎಂಬುದು ಸಾರಥಿಗೆ ಅನುಕೂಲವಾದ ಒಂದು ಅಂಶ.

ಹೈದರಾಬಾದ್ ಸಂಸ್ಥಾನದಲ್ಲಿ ಹಟ್ಟಿಯ ಚಿನ್ನದ ಗಣಿಗೆಂದು ಕಂಪನಿಯೊಂದು ಸ್ಥಾಪಿತವಾದ 1947ನೆಯ ಇಸವಿಯಲ್ಲಿಯೇ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗ್ಲಾಸ್ಟನ್‌ಬರಿ ಎಂಬ ಊರಿನಲ್ಲಿ, ಜಾನ್ ಬಾರ್ಕರ್ ಎಂಬ ಇಂಜಿನಿಯರು ನಿರ್ಮಿಸಿದ ರಾಡಾರನ್ನು ಪೊಲೀಸರು ರಸ್ತೆಯ ಬದಿಯಲ್ಲಿಟ್ಟು ವಾಹನಗಳ ವೇಗವನ್ನು ಅಳೆಯತೊಡಗಿದರು. ಯುದ್ಧಕಾಲದಲ್ಲಿ ಶತ್ರುವಿಮಾನಗಳನ್ನು ಕಾಣಲು ಬೆಳೆದ ವಿದ್ಯೆಯು ಶಾಂತಿಕಾಲದಲ್ಲಿ ಹೀಗೆ ಹೆದ್ದಾರಿಗೆ ಇಳಿಯಿತು. ಮುಂದೆ ಈ ಯಂತ್ರಗಳು ಚಿಕ್ಕವಾಗುತ್ತ, ಅವುಗಳ ತರಂಗವು ಮೊಟಕಾಗುತ್ತ ಬಂದಿತು: ಎಕ್ಸ್ ಪಟ್ಟಿಯಲ್ಲಿ ಸುಮಾರು 28 ಮಿಲಿಮೀಟರ್, ಕೆ ಪಟ್ಟಿಯಲ್ಲಿ ಸುಮಾರು 12, ಈಚಿನ ಕೆಎ ಪಟ್ಟಿಯಲ್ಲಿ 9ರ ಆಸುಪಾಸು. ಇಷ್ಟು ಮೊಟಕಾದ ತರಂಗಗಳನ್ನು ಲೋಕದಲ್ಲಿ ಮೊತ್ತಮೊದಲು ಹುಟ್ಟಿಸಿ, ಲೋಹದ ಕೊಂಬಿನಾಕಾರದ ಬಾಯಿಯಿಂದ ಅವನ್ನು ಹಿಡಿದು ಪರಿಶೀಲಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಅಗ್ರಗಣ್ಯರು. 1895ರಲ್ಲಿ ಅವರು ಕಲಕತ್ತೆಯ ಪುರಭವನದಲ್ಲಿ ಅದೃಶ್ಯ ಕಿರಣಗಳ ಪ್ರಯೋಗವನ್ನು ಸಾರ್ವಜನಿಕರಿಗೆ ತೋರಿಸಿದರು. 5 ಮಿಲಿಮೀಟರಿನಷ್ಟು ಮೊಟಕಾದ ತರಂಗಗಳನ್ನೂ ಅವರು ಸಾಧಿಸಿದ್ದರು. ಇಂದು ಅಮೆರಿಕದ ಕಾರೊಂದರ ಗಾಜಿನ ಹಿಂದೆ ಅಂಟಿಸಿದ ಶೋಧಕದೊಳಗೂ ಅದೇ ಕೊಂಬಿನ ಬಾಯಿ ಇರುತ್ತದೆ.

ಶೋಧಕವು ತತ್ತ್ವತಃ ಒಂದು ರೇಡಿಯೊ. ನನ್ನ ಮಾತು ಈಗ ನಿಮಗೆ ಕೇಳಿಸುತ್ತಿರುವ ಪೆಟ್ಟಿಗೆಯು, ಆಕಾಶದಿಂದ ಬಂದ ತರಂಗಕ್ಕೆ ತನ್ನೊಳಗೇ ಹುಟ್ಟಿದ ಇನ್ನೊಂದು ತರಂಗವನ್ನು ಬೆರೆಸಿ, ಎರಡರ ವ್ಯತ್ಯಾಸವಾದ ಮಧ್ಯಮ ಕಂಪನವನ್ನು ಪಡೆದು, ಅದನ್ನು ವರ್ಧಿಸಿ ಧ್ವನಿಯಾಗಿಸುತ್ತದೆ. ಎಡ್ವಿನ್ ಆರ್ಮ್‌ಸ್ಟ್ರಾಂಗನು 1918ರಲ್ಲಿ ರೂಪಿಸಿದ ಈ ಸೂಪರ್‌ಹೆಟರೊಡೈನ್ ಕ್ರಮವೇ ಉತ್ತಮ ಶೋಧಕದಲ್ಲಿಯೂ ಇರುವುದು. 1970ರ ದಶಕದಲ್ಲಿ ಒಹಾಯೊ ರಾಜ್ಯದ ಡೇಲ್ ಸ್ಮಿತ್ ಎಂಬಾತನು ಮಾರಿದ ಫಜ್‌ಬಸ್ಟರ್ ಇನ್ನೂ ಸರಳವಾದ ರಚನೆಯದಾಗಿತ್ತು. 1978ರಲ್ಲಿ ಅದೇ ರಾಜ್ಯದ ಸಿನ್ಸಿನಾಟಿ ಮೈಕ್ರೋವೇವ್ ಸಂಸ್ಥೆಯ ಜಿಮ್ ಜೇಗರ್ ಮತ್ತು ಮೈಕ್ ವ್ಯಾಲೆಂಟೈನ್ ಎಂಬ ಇಬ್ಬರು ಇಂಜಿನಿಯರುಗಳು ಎಸ್ಕಾರ್ಟ್ ಎಂಬ ಹೆಸರಿನಿಂದ ಸೂಪರ್‌ಹೆಟರೊಡೈನ್ ಶೋಧಕವನ್ನು ಹೊರತಂದಾಗ, ಈ ಪೆಟ್ಟಿಗೆಯ ಕಿವಿಯು ಹಿಂದಿಗಿಂತ ಬಹುಪಟ್ಟು ಸೂಕ್ಷ್ಮವಾಯಿತು. 1974ರಲ್ಲಿ ಅಮೆರಿಕ ಸರಕಾರವು ತೈಲದ ಅಭಾವದ ಕಾರಣದಿಂದ ದೇಶಾದ್ಯಂತ ಗಂಟೆಗೆ 55 ಮೈಲಿಯ ಮಿತಿಯನ್ನು ವಿಧಿಸಿದ್ದುದು ಈ ವ್ಯಾಪಾರಕ್ಕೆ ದೊರೆತ ದೊಡ್ಡ ಪ್ರೋತ್ಸಾಹ. ಉದ್ದನೆಯ ನೇರ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕಾದ ಜನರು ನಿಧಾನವಾಗುವುದಕ್ಕಿಂತ ಹಣ ಕೊಟ್ಟು ಪೆಟ್ಟಿಗೆಯನ್ನು ಕೊಳ್ಳುವುದೇ ಲೇಸೆಂದು ಬಗೆದರು.

ಪೊಲೀಸನ ರಾಡಾರು ಸದಾ ತರಂಗವನ್ನು ಬೀರುತ್ತಿದ್ದ ಆ ದಿನಗಳಲ್ಲಿ ಶೋಧಕಕ್ಕೆ ಪ್ರಕೃತಿನಿಯಮವೇ ಸಹಾಯಕವಾಗಿತ್ತು. ರಾಡಾರಿನ ತರಂಗವು ವಾಹನವನ್ನು ಮುಟ್ಟಿ, ಅಲ್ಲಿಂದ ಚದುರಿ, ಮತ್ತೆ ಅಷ್ಟೇ ದೂರವನ್ನು ಕ್ರಮಿಸಿ ಹಿಂತಿರುಗಬೇಕು. ಶೋಧಕಕ್ಕಾದರೋ ಹೋಗುವ ಹಾದಿಯ ತರಂಗವಷ್ಟೇ ಸಾಕು. ದೂರವು ಎರಡರಷ್ಟಾದಾಗ ಶೋಧಕವನ್ನು ಮುಟ್ಟುವ ಬಲವು ನಾಲ್ಕರಲ್ಲೊಂದು ಭಾಗಕ್ಕೆ ಇಳಿದರೆ, ರಾಡಾರಿಗೆ ಹಿಂತಿರುಗುವ ಪ್ರತಿಧ್ವನಿಯ ಬಲವು ಹದಿನಾರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ರಾಡಾರು ವಾಹನವನ್ನು ಕಾಣುವುದಕ್ಕೆ ಬಹಳ ಮೊದಲೇ ವಾಹನವು ರಾಡಾರನ್ನು ಕಾಣುತ್ತಿತ್ತು; ಸಾರಥಿಯು ಸಾವಕಾಶವಾಗಿ ಕಾಲನ್ನು ಹಿಂದೆಗೆದು, ಸಂಭಾವಿತನ ಮುಖಮುದ್ರೆಯನ್ನು ಧರಿಸಿ, ಪೊಲೀಸನ ಮುಂದೆ ಹಾದು ಹೋಗುತ್ತಿದ್ದನು.

ಪೊಲೀಸರು ಇದಕ್ಕೆ ಕಂಡುಕೊಂಡ ಉತ್ತರವು ಅತ್ಯಂತ ಸರಳವಾದುದು. ಜೋಳದ ಹೊಲದ ಮಂಚಿಕೆಯ ಮೇಲೆ ಬ್ಯಾಟರಿಯನ್ನು ರಾತ್ರಿಯೆಲ್ಲ ಉರಿಸಿಕೊಂಡು ಕುಳಿತ ಕಾವಲುಗಾರನು ಹಂದಿಯನ್ನು ಕಾಣುವ ಮೊದಲು ಹಂದಿಯೇ ಅವನನ್ನು ಕಂಡು ಬೇರೆ ಬದುವಿನಿಂದ ನುಗ್ಗುತ್ತದೆ. ಬಲ್ಲವನು ಕತ್ತಲೆಯಲ್ಲಿ ಸದ್ದಿಲ್ಲದೆ ಕುಳಿತು, ದಂಟು ಸರಕ್ಕೆಂದ ಕಡೆಗೆ ಒಮ್ಮೆಲೆ ಬೆಳಕನ್ನು ಬಿಡುತ್ತಾನೆ. ದಿಢೀರ್ ರಾಡಾರಿನ ಕ್ರಮವೂ ಇದೇ. ಯಂತ್ರಕ್ಕೆ ವಿದ್ಯುತ್ತು ಹರಿಯುತ್ತಿರುತ್ತದೆ, ಅದರ ಅಂಗಗಳೆಲ್ಲ ಸಿದ್ಧವಾಗಿರುತ್ತವೆ, ಆದರೆ ತರಂಗಪ್ರಸಾರ ಮಾತ್ರ ತಡೆಹಿಡಿದಿರುತ್ತದೆ. ಅಧಿಕಾರಿಯು ಬರುವ ವಾಹನವನ್ನು ಕಣ್ಣಿನಿಂದಲೇ ನೋಡಿ, ಅದರ ವೇಗವನ್ನು ಅಂದಾಜು ಮಾಡಿ, ತಕ್ಕ ಅಂತರಕ್ಕೆ ಬಂದಾಗ ಗುಂಡಿಯನ್ನು ಒತ್ತುತ್ತಾನೆ. ಒಂದು ಸೆಕೆಂಡಿನೊಳಗೆ ಅಂಕಿಯು ಮೂಡುತ್ತದೆ. ಬೆರಳನ್ನು ತೆಗೆದೊಡನೆ ಮತ್ತೆ ಮೌನ.

ಈ ಒಂದು ಸೆಕೆಂಡಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಸಾರಥಿಯ ಸಂಕಷ್ಟವು ವಿಶದವಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಶೋಧಕವು ತರಂಗವನ್ನು ಗುರುತಿಸಿ ಕೂಗಬೇಕು, ಕೂಗು ಕಿವಿಯನ್ನು ಮುಟ್ಟಬೇಕು, ಮನಸ್ಸು ಅದರ ಅರ್ಥವನ್ನು ಗ್ರಹಿಸಬೇಕು, ಕಾಲು ಬ್ರೇಕಿನ ಮೇಲೆ ಬರಬೇಕು. ಎಚ್ಚರವಾಗಿರುವ ಸಾರಥಿಗೂ ಇದಕ್ಕೆ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಬ್ರೇಕನ್ನು ಬಲವಾಗಿ ಒತ್ತಿದರೂ 90ರಿಂದ 70ಕ್ಕೆ ಇಳಿಯಲು ಇನ್ನೊಂದು ಸೆಕೆಂಡು ಬೇಕು. ಅಳೆಯುವವನ ಕಾರ್ಯವು ಇವನ ಕಾಲು ಅಲುಗುವ ಮೊದಲೇ ಮುಗಿದಿರುತ್ತದೆ. ತನ್ನ ಮೇಲೆಯೇ ನೇರವಾಗಿ ಬಿದ್ದ ದಿಢೀರ್ ರಾಡಾರನ್ನು ಕುರಿತು ಶೋಧಕವು ಕೂಗುವ ಕೂಗು ಎಚ್ಚರಿಕೆಯಲ್ಲ, ಆಗಿಹೋದ ಸಂಗತಿಯ ವರದಿ. ಎಷ್ಟೇ ಬೆಲೆಬಾಳುವ ಪೆಟ್ಟಿಗೆಯಾದರೂ ಈ ಮಾತಿಗೆ ಹೊರತಲ್ಲ, ಏಕೆಂದರೆ ಹೊರಡದೆ ಇರುವ ತರಂಗವನ್ನು ಕೇಳಬಲ್ಲ ಕಿವಿಯನ್ನು ಯಾರೂ ನಿರ್ಮಿಸಲಾರರು.

ಹಾಗಾದರೆ ಶೋಧಕವನ್ನು ಮಾಡುವವರು ಕೈಚೆಲ್ಲಿ ಕುಳಿತರೆ? ಇಲ್ಲ. ಪೊಲೀಸನು ಒಬ್ಬನನ್ನೇ ಅಳೆದು ಮನೆಗೆ ಹೋಗುವವನಲ್ಲ. ಹಾದಿಯಲ್ಲಿ ಒಂದಾದ ಮೇಲೊಂದು ವಾಹನ ಬರುತ್ತಿರುವಾಗ ಅವನು ಮತ್ತೆ ಮತ್ತೆ ಗುಂಡಿಯನ್ನು ಒತ್ತುತ್ತಿರುತ್ತಾನೆ. ಮುಂದಿರುವ ವಾಹನದ ಮೇಲೆ ಬಿಟ್ಟ ತರಂಗವು ಅಲ್ಲಿಯೇ ಇಂಗಿಹೋಗದೆ, ಅದನ್ನು ದಾಟಿಯೂ, ರಸ್ತೆಬದಿಯ ಫಲಕ, ಸೇತುವೆಯ ಕಟಕಟೆ, ಬೇರೆ ವಾಹನಗಳ ಮೈ ಇವುಗಳಿಗೆ ತಾಗಿಯೂ ಬಹುದೂರಕ್ಕೆ ಚೆದುರುತ್ತದೆ. ಹಿಂದೆ ಒಂದೆರಡು ಕಿಲೋಮೀಟರ್ ಅಂತರದಲ್ಲಿ ಬರುತ್ತಿರುವವನ ಶೋಧಕವು ಸಾಕಷ್ಟು ಸೂಕ್ಷ್ಮವಾಗಿದ್ದರೆ ಈ ಚೆದುರಿದ ಲೇಶವನ್ನು ಹಿಡಿಯಬಲ್ಲದು. ಆದಕಾರಣ ದಿಢೀರ್ ರಾಡಾರಿನ ಎದುರಿಗೆ ಶೋಧಕದ ಮೊದಲನೆಯ ಗುಣವು ಸೂಕ್ಷ್ಮತೆ. ಎರಡನೆಯದು ಚುರುಕು: ಹಲವು ಪಟ್ಟಿಗಳನ್ನು ಒಂದಾದ ಮೇಲೊಂದು ತಡಕುತ್ತಿರುವ ಪೆಟ್ಟಿಗೆಯು, ಅರ್ಧ ಸೆಕೆಂಡು ಮಾತ್ರ ಬದುಕುವ ತರಂಗವು ಬೇರೊಂದು ಪಟ್ಟಿಯಲ್ಲಿ ಹಾದುಹೋಗುವಷ್ಟರಲ್ಲಿ ಅತ್ತ ಹೊರಳಿರಬೇಕು. ಮೂರನೆಯದು ವಿವೇಚನೆ: ಅಂಗಡಿಗಳ ತಾನಾಗಿ ತೆರೆಯುವ ಬಾಗಿಲು, ಹೊಸ ಕಾರುಗಳ ಮಗ್ಗುಲನ್ನು ಕಾಯುವ ಚಿಕ್ಕ ರಾಡಾರು, ಇವೂ ಕೆ ಪಟ್ಟಿಯಲ್ಲಿಯೇ ತರಂಗವನ್ನು ಬೀರುವುದರಿಂದ, ಸುಳ್ಳು ಕೂಗನ್ನು ಜಾಲಾಡಿ ತೆಗೆಯದಿದ್ದರೆ ಸಾರಥಿಯು ಪೆಟ್ಟಿಗೆಯನ್ನು ನಂಬುವುದನ್ನೇ ಬಿಡುತ್ತಾನೆ. ವ್ಯಾಲೆಂಟೈನನು ತನ್ನದೇ ಸಂಸ್ಥೆಯಿಂದ 1992ರಲ್ಲಿ ಹೊರಡಿಸಿದ ಶೋಧಕದಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಹೀಗೆ ಎರಡು ಕೊಂಬುಗಳನ್ನಿಟ್ಟು, ತರಂಗವು ಯಾವ ದಿಕ್ಕಿನಿಂದ ಬಂತೆಂಬುದನ್ನು ಬಾಣದ ಗುರುತಿನಿಂದ ತೋರಿಸುವ ಏರ್ಪಾಡನ್ನೂ ಮಾಡಿದನು.

ಯಂತ್ರದ ಈ ಗುಣಗಳ ಮೇಲೆ ಸಾರಥಿಯ ಅನುಭವವೂ ಸೇರಬೇಕು. ಸದಾ ಉರಿಯುವ ರಾಡಾರಾದರೆ ಪೆಟ್ಟಿಗೆಯ ಸದ್ದು ಮೆಲ್ಲಗೆ ಆರಂಭವಾಗಿ ಕ್ರಮೇಣ ಏರುತ್ತದೆ. ದಿಢೀರ್ ರಾಡಾರಾದರೆ, ಬೋಳು ರಸ್ತೆಯ ನಡುವೆ ಕ್ಷಣಕಾಲ ಒಂದು ಕ್ಷೀಣವಾದ ಕೂಗು, ಆಮೇಲೆ ನಿಶ್ಶಬ್ದ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೂಗು, ಮೊದಲಿನದಕ್ಕಿಂತ ತುಸು ಬಲವಾಗಿ, ಮತ್ತೆ ನಿಶ್ಶಬ್ದ. ಅನನುಭವಿಯು ಮೊದಲ ಕೂಗನ್ನು ಹುಸಿಯೆಂದು ತಳ್ಳಿಹಾಕುತ್ತಾನೆ; ಅನುಭವಿಯು ಅದನ್ನೇ ಎಲ್ಲಕ್ಕಿಂತ ಗಂಭೀರವಾದುದೆಂದು ತಿಳಿದು ಆಗಲೇ ನಿಧಾನಿಸುತ್ತಾನೆ. ಒಂಟಿಯಾಗಿ ಎಲ್ಲರಿಗಿಂತ ಮುಂದೆ ಓಡದೆ, ತನ್ನ ಮುಂದೆ ಇನ್ನೊಬ್ಬನು ವೇಗವಾಗಿ ಹೋಗುತ್ತಿರುವಾಗ ಅವನ ಹಿಂದೆ ಕಣ್ಣಳತೆಯ ದೂರದಲ್ಲಿ ಸಾಗುವುದೇ ಇದಕ್ಕೆ ಉತ್ತಮವೆಂಬುದು ಅಮೆರಿಕದ ಶೋಧಕಪ್ರಿಯರ ನೀತಿ. ದಿಢೀರ್ ರಾಡಾರಿನ ಎದುರು ಶೋಧಕವು ಗೆದ್ದಾಗಲೆಲ್ಲ, ಮುಂದೆ ಹೋಗುತ್ತಿದ್ದ ಇನ್ನೊಬ್ಬನು ಸೋತಿರುತ್ತಾನೆ. ಪರರ ದಂಡವೇ ತನಗೆ ಎಚ್ಚರಿಕೆಯಾಗುವ ಈ ಸ್ಥಿತಿಯಲ್ಲಿ ಎಲ್ಲರ ಬಳಿಯೂ ಪೆಟ್ಟಿಗೆಯಿದ್ದರೂ ಮೊದಲನೆಯವನಿಗೆ ರಕ್ಷಣೆಯಿಲ್ಲ. ನಡುರಾತ್ರಿಯ ನಿರ್ಜನ ರಸ್ತೆಯಲ್ಲಿ ಪ್ರತಿಯೊಬ್ಬನೂ ಮೊದಲನೆಯವನೇ.

ನಮ್ಮ ಸೀಮೆಯಲ್ಲಿ ಈ ಪೆಟ್ಟಿಗೆಯು ಬಳಕೆಯಲ್ಲಿಲ್ಲದಿದ್ದರೂ ಇದರ ಕೆಲಸವು ಬಹುಕಾಲದಿಂದ ನಡೆದೇ ಇದೆ. ಮುಂದಿನ ತಿರುವಿನಲ್ಲಿ ಪೊಲೀಸರು ವಾಹನಗಳನ್ನು ನಿಲ್ಲಿಸುತ್ತಿದ್ದರೆ, ಎದುರಿನಿಂದ ಬರುವ ಲಾರಿಯ ಡ್ರೈವರು ಹಗಲಿನಲ್ಲಿಯೂ ದೀಪವನ್ನು ಎರಡು ಮೂರು ಸಲ ಮಿನುಗಿಸಿ, ಅಂದರೆ ಡಿಪ್ಪರ್ ಹೊಡೆದು, ಕೆಲವೊಮ್ಮೆ ಕಿಟಕಿಯಿಂದ ಕೈಯನ್ನೂ ಚಾಚಿ ಸೂಚಿಸುತ್ತಾನೆ. ಅಮೆರಿಕದ ಲಾರಿಯವರು 1970ರ ದಶಕದಲ್ಲಿ ಸಿ.ಬಿ. ರೇಡಿಯೊದಲ್ಲಿ ಸಂಕೇತದ ಮಾತುಗಳಿಂದ ಮಾಡುತ್ತಿದ್ದುದನ್ನು ನಮ್ಮವರು ದೀಪದ ಗುಂಡಿಯಿಂದಲೇ ಮಾಡಿದರು. ಶುದ್ಧ ತಾಂತ್ರಿಕ ದೃಷ್ಟಿಯಿಂದ ನೋಡಿದರೆ, ದಿಢೀರ್ ರಾಡಾರಿಗೆ ಇದು ಶೋಧಕಕ್ಕಿಂತ ಮಿಗಿಲಾದ ಉತ್ತರ. ಏಕೆಂದರೆ ಹೊರಡದ ತರಂಗವನ್ನು ಯಂತ್ರವು ಕಾಣಲಾರದು, ಮರದ ನೆರಳಿನಲ್ಲಿ ನಿಂತ ಜೀಪನ್ನು ಮನುಷ್ಯನ ಕಣ್ಣು ಕಾಣಬಲ್ಲದು. ಈಚೆಗೆ ಮೊಬೈಲಿನಲ್ಲಿ ಹಾದಿ ತೋರಿಸುವ ಆ್ಯಪುಗಳು ವೇಗದ ಕ್ಯಾಮರಾ ಇರುವ ತಾಣವನ್ನು ಮುಂಚಿತವಾಗಿ ತಿಳಿಸುವುದೂ ಈ ಪರಂಪರೆಯ ಮುಂದುವರಿಕೆಯೇ ಸರಿ.

ಪೊಲೀಸರ ಪಕ್ಷವೂ ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದ ಎಂ.ಪಿ.ಎಚ್. ಸಂಸ್ಥೆಯು ಪಾಪ್ ಎಂಬ ಹೆಸರಿನಿಂದ, ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲ ಮಾತ್ರ ತರಂಗವನ್ನು ಬಿಡುವ ಕ್ರಮವನ್ನು ಹೊರತಂದಿತು. ಹಳೆಯ ಶೋಧಕಗಳು ಇದನ್ನು ಗಮನಿಸುವಷ್ಟರಲ್ಲಿ ಅದು ಮಾಯವಾಗಿರುತ್ತಿತ್ತು. ಹೊಸವು ಇದನ್ನೂ ಹಿಡಿಯಲು ಕಲಿತವು. ವರ್ಜೀನಿಯಾ ರಾಜ್ಯವು ಶೋಧಕವನ್ನೇ ನಿಷೇಧಿಸಿತು. ನಿಷೇಧವನ್ನು ಜಾರಿಗೊಳಿಸುವುದು ಹೇಗೆ? ಸೂಪರ್‌ಹೆಟರೊಡೈನ್ ಶೋಧಕವು ತನ್ನೊಳಗೆ ಒಂದು ತರಂಗವನ್ನು ಹುಟ್ಟಿಸಿಕೊಳ್ಳುತ್ತದೆ ಎಂದು ಆಗಲೇ ಹೇಳಿದೆನಷ್ಟೆ. ಅದರ ಅಲ್ಪಾಂಶವು ಹೊರಕ್ಕೆ ಸೋರುತ್ತದೆ. ಆ ಸೋರಿಕೆಯನ್ನು ಹಿಡಿದು, ಯಾವ ಕಾರಿನಲ್ಲಿ ಶೋಧಕವಿದೆ ಎಂದು ಹೇಳುವ, ಶೋಧಕದ ಶೋಧಕವೊಂದು ವಿ.ಜಿ.-2 ಎಂಬ ಹೆಸರಿನಿಂದ ಪೊಲೀಸರ ಕೈಗೆ ಬಂದಿತು. ಅದಕ್ಕೆ ಪ್ರತಿಯಾಗಿ, ಸೋರಿಕೆಯಿಲ್ಲದ ಶೋಧಕಗಳು ಬಂದವು. ರಾಡಾರನ್ನೇ ಕುರುಡುಗೊಳಿಸುವ ಪ್ರತಿತರಂಗದ ಯಂತ್ರವನ್ನು ಇಟ್ಟುಕೊಳ್ಳುವ ದಾರಿಯಂತೂ ನೇರವಾಗಿ ಅಪರಾಧದ ದಾರಿ. ಅನುಮತಿಯಿಲ್ಲದೆ ರೇಡಿಯೊ ತರಂಗವನ್ನು ಪ್ರಸಾರ ಮಾಡುವುದು ನಮ್ಮ ದೇಶದಲ್ಲಿಯೂ ಶಿಕ್ಷಾರ್ಹ.

ಇನ್ನು ನಮ್ಮ ದೇಶದ ಸ್ಥಿತಿ. ಕರ್ನಾಟಕದ ಪೊಲೀಸರ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಕಾಣುವ ಸ್ಪೀಡ್ ಗನ್ನುಗಳು ಬಹುಮಟ್ಟಿಗೆ ರೇಡಿಯೊ ತರಂಗದವಲ್ಲ, ಲೇಸರಿನವು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳನ್ನು ವಾಹನದ ಮೇಲೆ ಬಿಟ್ಟು, ಒಂದೊಂದು ಮಿಡಿತವೂ ಹೋಗಿಬರಲು ಹಿಡಿದ ಕಾಲದಿಂದ ದೂರವನ್ನೂ, ದೂರದ ಬದಲಾವಣೆಯಿಂದ ವೇಗವನ್ನೂ ಇದು ಲೆಕ್ಕ ಹಾಕುತ್ತದೆ. ರಾಡಾರಿನ ತರಂಗವು ಹಾದಿಯ ಅಗಲಕ್ಕೆಲ್ಲ ಹರಡಿದರೆ, ಲೇಸರಿನ ಕಿರಣವು 300 ಮೀಟರ್ ದೂರದಲ್ಲಿಯೂ ಸುಮಾರು ಒಂದು ಮೀಟರಿನಷ್ಟೇ ಅಗಲವಾಗಿರುತ್ತದೆ. ಸಾಲಿನಲ್ಲಿ ಬರುವ ಹತ್ತು ವಾಹನಗಳಲ್ಲಿ ಇಂತಹದೇ ಎಂದು ಬೊಟ್ಟುಮಾಡಿ ಅಳೆಯಬಹುದು. ಲೇಸರು ಹುಟ್ಟಿನಿಂದಲೇ ದಿಢೀರ್ ಸ್ವಭಾವದ್ದು. ಗುಂಡಿಯನ್ನು ಒತ್ತದೆ ಅದು ಬೆಳಕನ್ನು ಬಿಡುವುದಿಲ್ಲ, ಬಿಟ್ಟ ಬೆಳಕು ಅಕ್ಕಪಕ್ಕಕ್ಕೆ ಹೆಚ್ಚಾಗಿ ಚೆದುರುವುದೂ ಇಲ್ಲ. ರಾಡಾರು ಶೋಧಕಕ್ಕೆ ಉಳಿದಿದ್ದ ಒಂದೇ ಆಸರೆಯಾದ ಚೆದುರಿದ ತರಂಗವೂ ಇಲ್ಲಿ ಇಲ್ಲವಾಗುತ್ತದೆ. ಪರದೇಶದಿಂದ ದುಬಾರಿ ಬೆಲೆಗೆ ಪೆಟ್ಟಿಗೆಯನ್ನು ತರಿಸಿ ಲಿಂಗಸುಗೂರಿನ ರಸ್ತೆಯಲ್ಲಿ ನಿಶ್ಚಿಂತನಾಗಿ ಹೋಗುವೆನೆಂಬುವನಿಗೆ ನಾನು ಹೇಳಬಹುದಾದುದು ಇಷ್ಟೆ: ಆ ಪೆಟ್ಟಿಗೆಯು ಇಲ್ಲಿ ಆಡದ ಭಾಷೆಗೆ ಕಿವಿಗೊಟ್ಟು ಕುಳಿತಿರುತ್ತದೆ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ ಕಥೆಯನ್ನು ಇಲ್ಲಿ ನೆನೆಯಬಹುದು. ಅಗಲವೂ ನುಣುಪೂ ಆದ ಆ ಹಾದಿಯಲ್ಲಿ ಆರಂಭದ ತಿಂಗಳುಗಳಲ್ಲಿಯೇ ಅಪಘಾತಗಳು ಹೆಚ್ಚಿದಾಗ, ಪೊಲೀಸರು ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಜಾರಿಗೊಳಿಸಲು ಸ್ಪೀಡ್ ಗನ್ನುಗಳನ್ನು ಹಿಡಿದು ನಿಂತರು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರಧಾನ ಪಥದಲ್ಲಿ ಪ್ರವೇಶವನ್ನು ನಿಷೇಧಿಸಲಾಯಿತು. ಬಳಿಕ ಕ್ಯಾಮರಾಗಳು ಬಂದವು. 2024ರ ಆಗಸ್ಟಿನಿಂದ, ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರನ್ನು ಮೀರಿದವರ ಮೇಲೆ ದಂಡವಷ್ಟೇ ಅಲ್ಲದೆ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡುವ ಕ್ರಮವು ಆರಂಭವಾಯಿತು. ಇಂತಹ ಕಡೆ ಬೈಕನ್ನೂ ಟ್ರ್ಯಾಕ್ಟರನ್ನೂ ಹೊರಗಿಡಬಹುದು. ಮಸ್ಕಿಯ ಹಾದಿಯಿಂದ ಅವನ್ನು ಹೊರಗಿಡುವುದೆಂತು? ಹಾದಿ ಇರುವುದೇ ಅವುಗಳಿಗಾಗಿ.

ಅಡಗಿ ಕುಳಿತು ಅಳೆಯುವುದು ನ್ಯಾಯವೇ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು 1915ರಲ್ಲಿ ನಮ್ಮ ಮಸ್ಕಿಯ ಬೆಟ್ಟದಲ್ಲಿ ಕಂಡ ಶಾಸನವು ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದನ್ನು ಲೋಕಕ್ಕೆ ಖಚಿತಪಡಿಸಿತಷ್ಟೆ. ಪ್ರಜೆಗಳು ನಡೆದುಕೊಳ್ಳಬೇಕಾದ ರೀತಿಯನ್ನು ಆ ಅರಸನು ಎಲ್ಲರ ಕಣ್ಣಿಗೂ ಬೀಳುವಂತೆ ಬಂಡೆಯ ಮೇಲೆ ಬರೆಯಿಸಿದನು. ವಿಧಿಯು ಬಹಿರಂಗವಾಗಿರಬೇಕೆಂಬ ಧರ್ಮವನ್ನು ಇಂದಿನ ಶಾಸನವೂ ಬಿಟ್ಟಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದಂತೆ, ವಿದ್ಯುನ್ಮಾನ ಉಪಕರಣದಿಂದ ಕಾಯುವ ರಸ್ತೆಯ ಭಾಗಕ್ಕೆ ಮುಂಚೆ ಎಚ್ಚರಿಕೆಯ ಫಲಕವನ್ನು ಸ್ಪಷ್ಟವಾಗಿ ನಿಲ್ಲಿಸಬೇಕು. ಉಪಕರಣಕ್ಕೆ ಪ್ರಮಾಣಪತ್ರವಿರಬೇಕು, ಅದು ವರ್ಷವರ್ಷವೂ ನವೀಕೃತವಾಗಬೇಕು. ತಪ್ಪು ದಾಖಲಾದ 15 ದಿನಗಳೊಳಗೆ ವಾಹನದ ಒಡೆಯನಿಗೆ ನೋಟೀಸು ಹೋಗಬೇಕು. ಫಲಕವು ಬಹಿರಂಗವಾಗಿರುವಾಗ, ಅಳೆಯುವ ಕ್ಷಣವು ಗುಪ್ತವಾಗಿದ್ದರೆ ಅನ್ಯಾಯವೇನೂ ಇಲ್ಲ. ಪರೀಕ್ಷೆಯ ವಿಷಯವು ಮೊದಲೇ ತಿಳಿದಿದೆ. ಪರೀಕ್ಷಕನು ಬರುವ ಹೊತ್ತು ಮಾತ್ರ ತಿಳಿದಿಲ್ಲ. ಫಲಕವನ್ನೇ ನಿಲ್ಲಿಸದೆ ದಂಡವನ್ನು ಮಾತ್ರ ವಸೂಲು ಮಾಡಹೊರಟರೆ ಆಗ ಪ್ರಜೆಯ ದೂರು ನ್ಯಾಯವಾದುದೇ.

ಮಿತಿಯೆಷ್ಟು ಎಂಬುದನ್ನೂ ತಿಳಿದಿರುವುದು ಲೇಸು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದಂತೆ, ವಿಭಜಕವುಳ್ಳ ಚತುಷ್ಪಥವಲ್ಲದ ಸಾಮಾನ್ಯ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70 ಕಿಲೋಮೀಟರ್, ಬಸ್ಸು, ಲಾರಿ, ಬೈಕುಗಳಿಗೆ 60. ರಾಜ್ಯ ಸರಕಾರವು ಅಗತ್ಯ ಕಂಡಲ್ಲಿ ಇದನ್ನು ಇನ್ನೂ ತಗ್ಗಿಸಬಹುದು. ಮೀರಿದವರಿಗೆ ಮೋಟಾರು ವಾಹನ ಶಾಸನದ 183ನೆಯ ವಿಧಿಯು, 2019ರ ತಿದ್ದುಪಡಿಯಂತೆ, ಹಗುರ ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿಗಳ ದಂಡವನ್ನು ಹೇಳುತ್ತದೆ.

ಆದರೆ ದಂಡದ ಭಯವು ಈ ವಿಷಯದ ತಿರುಳಲ್ಲ. ಸಾರಥಿಯು ದಿಢೀರ್ ರಾಡಾರಿನ ಎದುರು ನಿರುಪಾಯನಾಗುವುದು ಯಾವ ಕಾರಣದಿಂದಲೋ, ದೀಪವಿಲ್ಲದ ಟ್ರೇಲರಿನ ಎದುರು ನಿರುಪಾಯನಾಗುವುದೂ ಅದೇ ಕಾರಣದಿಂದ: ಕಣ್ಣು ಕಂಡದ್ದಕ್ಕೆ ಕಾಲು ಉತ್ತರ ಕೊಡುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಒಳ್ಳೆಯ ಬ್ರೇಕುಳ್ಳ ಕಾರು ಗಂಟೆಗೆ 60 ಕಿಲೋಮೀಟರಿನಲ್ಲಿದ್ದರೆ, ಆ ಸೆಕೆಂಡಿನ ಓಟವೂ ಸೇರಿ ಸುಮಾರು 37 ಮೀಟರಿನಲ್ಲಿ ನಿಲ್ಲುತ್ತದೆ. 80ರಲ್ಲಿದ್ದರೆ ಸುಮಾರು 57 ಮೀಟರು. 100ರಲ್ಲಿದ್ದರೆ 80 ಮೀಟರನ್ನೂ ಮೀರುತ್ತದೆ. ಭತ್ತವನ್ನು ತುಂಬಿದ ಲಾರಿಗೆ ಇದಕ್ಕಿಂತಲೂ ಹೆಚ್ಚು ಬೇಕು. ಕಾರಿನ ತಗ್ಗಿಸಿದ ದೀಪವು ರಾತ್ರಿಯಲ್ಲಿ ಇಷ್ಟು ದೂರವನ್ನು ನಿಚ್ಚಳವಾಗಿ ತೋರಿಸುವುದಿಲ್ಲ. ಪೊಲೀಸನು ಅಳೆದರೆ ಹೋಗುವುದು ಹಣ. ಕುರಿಯ ಹಿಂಡಿನ ಹಿಂದೆ ಬರುವ ಹುಡುಗನ ಮುಂದೆ ಇದೇ ಅಳತೆ ನಡೆದರೆ ಹೋಗುವುದೇನೆಂಬುದನ್ನು ಯಾವ ಚಲನ್ನಿನಲ್ಲೂ ಬರೆಯಲಾಗದು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಪ್ರಾಣವನ್ನು ಕಳೆದುಕೊಂಡರು. ಅವರಲ್ಲಿ ನೂರಕ್ಕೆ 71 ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿಯು ಹೇಳುತ್ತದೆ. ಅಲೆಗೆ ಪ್ರತಿಯಲೆ, ಶೋಧಕಕ್ಕೆ ಪ್ರತಿಶೋಧಕ ಎಂದು ನಡೆದ ಈ ಎಪ್ಪತ್ತು ಎಂಬತ್ತು ವರ್ಷಗಳ ಸ್ಪರ್ಧೆಯಲ್ಲಿ ಜಾಣ್ಮೆಗೆ ಕೊರತೆಯಿರಲಿಲ್ಲ. ಆದರೆ ಕಾದು ಕುಳಿತ ರಾಡಾರಿಗೆ ಸಾರಥಿಯು ಕೊಡಬಹುದಾದ ಪೂರ್ತಿಯಾದ ಉತ್ತರವು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ಈ ಭಾಷಣವನ್ನು ಕೇಳುತ್ತಿರುವ ಲಾರಿ, ಟಿಪ್ಪರು, ಕ್ರೂಸರುಗಳ ಚಾಲಕ ಬಂಧುಗಳಲ್ಲಿಯೂ, ಬೈಕನ್ನೇರಿ ಹೊರಡಲಿರುವ ತರುಣರಲ್ಲಿಯೂ ನನ್ನ ವಿನಂತಿ ಇಷ್ಟೆ: ರಸ್ತೆಬದಿಯ ಫಲಕದಲ್ಲಿ ಬರೆದ ಅಂಕಿಯನ್ನು ಪೊಲೀಸನಿರಲಿ, ಇಲ್ಲದಿರಲಿ, ಓದಿ ಪಾಲಿಸಿರಿ, ಟ್ರ್ಯಾಕ್ಟರಿನ ಒಡೆಯರು ಟ್ರೇಲರಿನ ಹಿಂದೆ ಇಂದೇ ಕೆಂಪು ದೀಪವನ್ನು ಹಾಕಿಸಿರಿ.